ಗಾಳಿಯ ಗಳ ನಿಲ್ಲುವುದು ಹೇಗೆ?

ಬನದ ಹುಣ್ಣಿಮೆಯ ಜಾತ್ರೆ ಹತ್ತಿರ ಬಂತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದತ್ತ ಹೋಗುವ ದಾರಿಗಳೆಲ್ಲ ಟ್ರ್ಯಾಕ್ಟರುಗಳಿಂದ ತುಂಬಿಹೋಗುತ್ತವೆ. ಹಿಂದೆ ಚಕ್ಕಡಿ ಹೂಡಿಕೊಂಡು ಬರುತ್ತಿದ್ದ ಕುಟುಂಬಗಳು ಈಗ ಹೆಚ್ಚಾಗಿ ಟ್ರೇಲರಿನಲ್ಲಿ ಬರುತ್ತವೆ; ಚಕ್ಕಡಿಗಳೂ ಪೂರ್ತಿ ಮಾಯವಾಗಿಲ್ಲ. ಗುಡ್ಡದ ಮೇಲೆ ಜಾಗ ಹಿಡಿದ ಕೂಡಲೇ ಮಾಡುವ ಕೆಲಸವೆಂದರೆ ಹಂದರ ಹಾಕುವುದು. ತಾಡಪತ್ರಿಯ ಒಂದು ಅಂಚನ್ನು ಟ್ರೇಲರಿನ ಪಕ್ಕಕ್ಕೆ ಕಟ್ಟಿ, ಇನ್ನೊಂದು ಅಂಚಿಗೆ ಎರಡು ಗಳ ಕೊಟ್ಟು, ಹಗ್ಗ ಎಳೆದು ಗೂಟಕ್ಕೆ ಬಿಗಿದರೆ ಮನೆ ಸಿದ್ಧ. ಅಲ್ಲಿ ಮಕ್ಕಳು ಮಲಗುತ್ತಾರೆ, ಹಿರಿಯರು ಬೆನ್ನು ಚಾಚುತ್ತಾರೆ, ದೇವಿಯ ನೈವೇದ್ಯದ ಪಡ್ಡಲಗಿ ತುಂಬಿಸಲು ಹೋಳಿಗೆ, ಕಡುಬು ಮಾಡುವವರು ಹಿಟ್ಟು ನಾದುತ್ತಾರೆ.

ಯುರೋಪಿನಲ್ಲಿ ಕಾರಿನ ಹಿಂದೆ ಗಾಲಿಮನೆ ಕಟ್ಟಿಕೊಂಡು ಊರೂರು ತಿರುಗುವವರು ಮಾಡುವುದೂ ಇದನ್ನೇ. ಅವರ ಗಾಲಿಮನೆಗೆ ಕ್ಯಾರವಾನ್ ಎಂದೂ ಅದರ ಪಕ್ಕಕ್ಕೆ ಚಾಚುವ ಹಂದರಕ್ಕೆ ಆನಿಂಗ್ ಎಂದೂ ಹೆಸರು. ಆ ಹಂದರಕ್ಕೆ ಮೊದಲು ಲೋಹದ ಗಳಗಳಿರುತ್ತಿದ್ದವು. ಈಚೆಗೆ ಬಂದಿರುವ ಹಂದರಗಳಲ್ಲಿ ಅವುಗಳ ಬದಲು ಗಾಳಿ ತುಂಬಿದ ಬಟ್ಟೆಯ ಕೊಳವೆಗಳಿವೆ. ನೆಲದ ಮೇಲೆ ಹರಡಿ, ಪಂಪು ಹೊಡೆದರೆ ಸಾಕು, ಮುದ್ದೆಯಾಗಿ ಬಿದ್ದಿದ್ದ ಬಟ್ಟೆ ಕಮಾನಾಗಿ ಎದ್ದು ನಿಲ್ಲುತ್ತದೆ.

ಒಗಟು ಇರುವುದು ಇಲ್ಲಿ. ಬಟ್ಟೆಯನ್ನು ನೆಟ್ಟಗೆ ನಿಲ್ಲಿಸಲು ಹೋದರೆ ಮಡಚಿ ಬೀಳುತ್ತದೆ. ಗಾಳಿಗಂತೂ ಆಕಾರವೇ ಇಲ್ಲ. ತಾನಾಗಿ ನಿಲ್ಲಲಾರದ ಎರಡು ವಸ್ತುಗಳು ಸೇರಿದಾಗ ಗಳ ಹೇಗೆ ಹುಟ್ಟುತ್ತದೆ? ಟ್ರ್ಯಾಕ್ಟರಿನ ಟಯರು ಟನ್ನುಗಟ್ಟಲೆ ಕಬ್ಬಿನ ಹೊರೆಯನ್ನು ತಾಳುವುದನ್ನು ಎಲ್ಲರೂ ಕಂಡಿದ್ದಾರೆ, ಹಾಗಾಗಿ 'ಗಾಳಿಯ ಶಕ್ತಿ' ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಉತ್ತರ. ಉಳಿದ ಅರ್ಧ ತಿಳಿದವರಿಗೆ ಗಾಳಿ ಹಂದರ ಕೊಳ್ಳುವಾಗ ಯಾವುದನ್ನು ಮುಟ್ಟಿ ನೋಡಬೇಕು, ಯಾವ ಅಂಕಿಯನ್ನು ಬಿಡಬಹುದು ಎಂಬುದೂ ತಿಳಿಯುತ್ತದೆ.

ತುಂಬಿದ ಚೀಲ, ಬರಿದಾದ ಚೀಲ

ಬೈಲಹೊಂಗಲದ ಮಾರುಕಟ್ಟೆಯಲ್ಲಿ ಜೋಳ ತುಂಬಿ ಬಾಯಿ ಹೊಲಿದ ಚೀಲವನ್ನು ನೆನೆಸಿಕೊಳ್ಳಿ. ಅದು ನೆಟ್ಟಗೆ ನಿಲ್ಲುತ್ತದೆ, ಅದರ ಮೇಲೆ ಇನ್ನೊಂದು ಚೀಲ ಒಟ್ಟಿದರೂ ತಡೆಯುತ್ತದೆ. ಅದೇ ಜೋಳವನ್ನು ನೆಲಕ್ಕೆ ಸುರಿದರೆ ಹರಡಿ ರಾಶಿಯಾಗುತ್ತದೆ, ಖಾಲಿ ಚೀಲ ಮುದುಡಿ ಬೀಳುತ್ತದೆ. ಕಾಳು ಹೊರಕ್ಕೆ ತಳ್ಳುತ್ತದೆ, ಚೀಲ ಒಳಕ್ಕೆ ಬಿಗಿಯುತ್ತದೆ. ಈ ತಳ್ಳಾಟ, ಬಿಗಿತ ಎರಡೂ ಸಮನಾದ ಕಡೆ ಆಕಾರ ನಿಲ್ಲುತ್ತದೆ. ಅರ್ಧ ತುಂಬಿದ ಚೀಲ ಸೊಂಟದಲ್ಲಿ ಮಡಚಿಕೊಳ್ಳುವುದೂ ಇದೇ ಕಾರಣಕ್ಕೆ: ಒಳಗಿನ ಕಾಳು ಬಟ್ಟೆಯನ್ನು ಬಿಗಿಯಾಗಿ ಎಳೆದಿರುವುದಿಲ್ಲ.

ಗಾಳಿಗಳದಲ್ಲಿ ಕಾಳಿನ ಜಾಗದಲ್ಲಿ ಗಾಳಿಯಿದೆ. ಪಂಪು ಹೊಡೆದಷ್ಟೂ ಗಾಳಿಯ ಕಣಗಳು ಕೊಳವೆಯ ಒಳಮೈಗೆ ಹೆಚ್ಚು ಹೆಚ್ಚಾಗಿ ಬಡಿಯುತ್ತವೆ. ಆ ಬಡಿತವೆಲ್ಲ ಸೇರಿ ಒತ್ತಡವಾಗುತ್ತದೆ. ಒತ್ತಡ ಬಟ್ಟೆಯನ್ನು ಎರಡು ದಿಕ್ಕಿಗೆ ಎಳೆಯುತ್ತದೆ: ಕೊಳವೆಯ ಸುತ್ತಲೂ ಒಮ್ಮೆ, ಅದರ ಉದ್ದಕ್ಕೂ ಒಮ್ಮೆ. ಹೊರಗಿನಿಂದ ಯಾವ ಭಾರವೂ ಬೀಳುವ ಮೊದಲೇ ಬಟ್ಟೆಯಲ್ಲಿ ಕೂತಿರುವ ಈ ಎಳೆತವನ್ನು 'ಮುನ್‌ಬಿಗಿತ' ಎಂದು ಕರೆಯೋಣ. ಒಗಟಿನ ಕೀಲಿ ಇದೇ.

ಎಷ್ಟು ಬಿಗಿತ ಎಂಬುದನ್ನು ಲೆಕ್ಕ ಹಾಕಬಹುದು. 10 ಸೆಂಟಿಮೀಟರ್ ವ್ಯಾಸದ ಕೊಳವೆಗೆ 7 ಪಿಎಸ್‌ಐ ಗಾಳಿ ತುಂಬಿದ್ದೇವೆ ಎನ್ನಿ. ಪಂಚರ್ ಅಂಗಡಿಯ ಮಾತಿನಲ್ಲಿ 7 ಪಾಯಿಂಟ್. ಕಾರಿನ ಟಯರಿಗೆ 30ರ ಮೇಲೆ ಹಾಕುವುದರಿಂದ ಇದು ತೀರ ಕಡಿಮೆ ಎನಿಸಬಹುದು. ಆದರೂ ಕೊಳವೆಯ ಎರಡೂ ತುದಿಗಳನ್ನು ಈ ಗಾಳಿ ಸುಮಾರು 38 ಕೆಜಿ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಆ ಬಲವನ್ನು ಕೊಳವೆಯ ಸುತ್ತಳತೆಯ ಬಟ್ಟೆಯೆಲ್ಲ ಹಂಚಿಕೊಳ್ಳಬೇಕು. ಹಂಚಿದರೆ ಉದ್ದದ ದಿಕ್ಕಿನಲ್ಲಿ ಪ್ರತಿ ಸೆಂಟಿಮೀಟರ್ ಅಗಲದ ಬಟ್ಟೆಗೆ ಸುಮಾರು 1.2 ಕೆಜಿ ಎಳೆತ ಬರುತ್ತದೆ. ಸುತ್ತಿನ ದಿಕ್ಕಿನಲ್ಲಿ ಅದರ ಎರಡರಷ್ಟು, ಸುಮಾರು ಎರಡೂವರೆ ಕೆಜಿ. ಅತಿಯಾಗಿ ಗಾಳಿ ತುಂಬಿದ ಕೊಳವೆ ಸಾಮಾನ್ಯವಾಗಿ ಉದ್ದುದ್ದಕ್ಕೆ ಸೀಳುವುದು ಈ ಕಾರಣಕ್ಕೇ.

ಗಳ ಬಾಗಿದಾಗ

ಯಾವ ಗಳವನ್ನೇ ಆಗಲಿ ಬಾಗಿಸಿ ನೋಡಿ. ಉಬ್ಬಿದ ಬದಿ ಹಿಗ್ಗಲು ನೋಡುತ್ತದೆ, ತಗ್ಗಿದ ಬದಿ ಕುಗ್ಗಲು ನೋಡುತ್ತದೆ. ಬಿದಿರು ಎರಡನ್ನೂ ತಾಳುತ್ತದೆ, ಏಕೆಂದರೆ ಅದರ ನಾರನ್ನು ಎಳೆದರೂ ಒತ್ತಿದರೂ ಅದು ಎದುರು ನಿಲ್ಲುತ್ತದೆ. ಬಟ್ಟೆಗೆ ಒಂದೇ ವಿದ್ಯೆ ಗೊತ್ತು. ಎಳೆದರೆ ತಡೆಯುತ್ತದೆ, ಒತ್ತಿದರೆ ಸುಕ್ಕಾಗಿ ಕುಸಿಯುತ್ತದೆ.

ಹಾಗಾದರೆ ಗಾಳಿ ತುಂಬಿದ ಬಟ್ಟೆಯ ಗಳ ಬಾಗಿದಾಗ ತಗ್ಗಿದ ಬದಿಯ ಗತಿ ಏನು? ಮುನ್‌ಬಿಗಿತ ಕೆಲಸಕ್ಕೆ ಬರುವುದು ಇಲ್ಲೇ. ಆ ಬದಿಯ ಬಟ್ಟೆಯನ್ನು ಗಾಳಿ ಆಗಲೇ ಎಳೆದು ಇಟ್ಟಿದೆ. ಮೇಲಿನ ಭಾರ ಅದನ್ನು ಒತ್ತಲು ಬಂದಾಗ ಮೊದಲು ಆ ಎಳೆತದಲ್ಲಿ ಸ್ವಲ್ಪ ಭಾಗ ಸಡಿಲಾಗುತ್ತದೆ. ಬಟ್ಟೆ ಒತ್ತುವಿಕೆಗೆ ಸಿಕ್ಕಿದ್ದೇ ಇಲ್ಲ. ಮೊದಲಿಗಿಂತ ಕಡಿಮೆ ಎಳೆತದಲ್ಲಿದೆ, ಅಷ್ಟೆ. ಎದುರಿನ ಬದಿಯಲ್ಲಿ ಎಳೆತ ಅಷ್ಟೇ ಹೆಚ್ಚುತ್ತದೆ. ಎರಡೂ ಕಡೆ ಎಳೆತ ಉಳಿದಿರುವ ತನಕ ಗಳ ಗಟ್ಟಿಯಾಗಿಯೇ ವರ್ತಿಸುತ್ತದೆ.

ಭಾರ ಇನ್ನೂ ಏರಿದಾಗ ತಗ್ಗಿದ ಬದಿಯ ಎಳೆತ ಪೂರ್ತಿ ಕರಗುವ ಗಳಿಗೆ ಬರುತ್ತದೆ. ಆಗ ಅಲ್ಲಿ ಮೊದಲ ಸುಕ್ಕು ಕಾಣಿಸುತ್ತದೆ. ಅದನ್ನು ಮೀರಿ ಒತ್ತಿದರೆ ಸುಕ್ಕು ಸುತ್ತಲೂ ಹಬ್ಬಿ, ಗಳ ಅಲ್ಲಿಯೇ ಮಡಚಿಕೊಳ್ಳುತ್ತದೆ. ಭಾರ ತೆಗೆದರೆ ಮತ್ತೆ ನೆಟ್ಟಗಾಗುತ್ತದೆ. ಗಾಳಿಗಳದ ದೊಡ್ಡ ಗುಣ ಇದು. ಮಿತಿ ಮೀರಿ ಬಾಗಿದ ಅಲ್ಯೂಮಿನಿಯಂ ಗಳ ಮತ್ತೆ ನೆಟ್ಟಗಾಗುವುದಿಲ್ಲ, ಬಿದಿರು ಸೀಳುತ್ತದೆ; ಗಾಳಿಗಳ ಬಗ್ಗಿ ಏಳುತ್ತದೆ.

ಈಗ ಉಳಿದ ಅರ್ಧ ಉತ್ತರ ಸಿಕ್ಕಿತು. ಹಂದರಕ್ಕೆ ಗಡಸುತನ ಕೊಡುವುದು ಬಿಗಿಯಾದ ಬಟ್ಟೆ. ಗಾಳಿಯ ಕೆಲಸ ಆ ಬಿಗಿತವನ್ನು ಕಾಯುವುದು.

ಒತ್ತಡ ಹೆಚ್ಚಿಸುವುದೋ, ದಪ್ಪ ಹೆಚ್ಚಿಸುವುದೋ

ಮಾರುವವರು ಪಿಎಸ್‌ಐ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಕೊಳವೆಯ ದಪ್ಪವನ್ನು.

ಮೇಲೆ ಹೇಳಿದ 10 ಸೆಂಟಿಮೀಟರಿನ ಕೊಳವೆಯನ್ನು ಅಡ್ಡಲಾಗಿ ಒಂದು ತುದಿಯಲ್ಲಿ ಭದ್ರವಾಗಿ ಹಿಡಿದು, 1 ಮೀಟರ್ ದೂರದ ಇನ್ನೊಂದು ತುದಿಗೆ ಭಾರ ತೂಗಿಬಿಟ್ಟರೆ, ಹೆಚ್ಚು ಕಡಿಮೆ 1 ಕೆಜಿಗೇ ಬುಡದಲ್ಲಿ ಮೊದಲ ಸುಕ್ಕು ಮೂಡುತ್ತದೆ. ಒತ್ತಡವನ್ನು ಎರಡರಷ್ಟು ಮಾಡಿದರೆ 2 ಕೆಜಿಯವರೆಗೆ ತಡೆಯುತ್ತದೆ. ಒತ್ತಡ ಅಷ್ಟೇ ಇಟ್ಟು ವ್ಯಾಸವನ್ನು 20 ಸೆಂಟಿಮೀಟರಿಗೆ ಏರಿಸಿದರೆ? 8 ಕೆಜಿ. ವ್ಯಾಸ ಇಮ್ಮಡಿಯಾದರೆ ಗಾಳಿ ತಳ್ಳುವ ತುದಿಯ ವಿಸ್ತಾರ ನಾಲ್ಕು ಪಟ್ಟಾಗುತ್ತದೆ, ಬಟ್ಟೆ ನಡುವಿನಿಂದ ಎರಡರಷ್ಟು ದೂರದಲ್ಲಿ ನಿಂತು ಬಾಗುವಿಕೆಗೆ ಎದುರು ಎಳೆಯುತ್ತದೆ. ನಾಲ್ಕು ಎರಡಲೆ ಎಂಟು.

ಈ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವ ಪ್ರದರ್ಶನದ ಫೂಜಿ ಮಂಟಪ. ವಾಸ್ತುಶಿಲ್ಪಿ ಯುಟಾಕಾ ಮುರಾಟಾ ಅದನ್ನು 16 ಗಾಳಿ ಕಮಾನುಗಳಿಂದಲೇ ಕಟ್ಟಿದರು. ಒಂದೊಂದು ಕಮಾನಿನ ವ್ಯಾಸ 4 ಮೀಟರ್, ಉದ್ದ 78 ಮೀಟರ್. ಕೊಳವೆಗಳು ಅಷ್ಟು ದಪ್ಪಗಿದ್ದುದರಿಂದ ಒಳಗಿನ ಒತ್ತಡ ಇಂದಿನ ಕ್ಯಾರವಾನ್ ಹಂದರದ ಒತ್ತಡಕ್ಕಿಂತ ಬಹಳ ಕಡಿಮೆ ಸಾಕಾಯಿತು. ಬಿರುಗಾಳಿ ಎದ್ದಾಗ ಒತ್ತಡ ಏರಿಸಿ ಮುನ್‌ಬಿಗಿತ ಹೆಚ್ಚಿಸುವ ವ್ಯವಸ್ಥೆಯನ್ನೂ ಅವರು ಇಟ್ಟಿದ್ದರು.

ಜಾತ್ರೆಗಳಲ್ಲಿ ಮಕ್ಕಳು ಕುಣಿಯುವ ಗಾಳಿ ಅರಮನೆಯೂ ದಪ್ಪ ಕೊಳವೆ, ಕಡಿಮೆ ಒತ್ತಡದ ಜಾತಿಯದೇ. ಆದರೆ ಅದರ ಹೊಲಿಗೆಗಳಿಂದ ಗಾಳಿ ಸೋರುತ್ತಲೇ ಇರುತ್ತದೆ, ಅದಕ್ಕೇ ಫ್ಯಾನು ನಿಲ್ಲದೆ ಊದುತ್ತಿರಬೇಕು. ಕರೆಂಟು ಹೋದರೆ ಕುಸಿಯುತ್ತದೆ. ಕ್ಯಾರವಾನ್ ಹಂದರದ ಕೊಳವೆ ಮುಚ್ಚಿದ ಕೊಳವೆ; ಒಮ್ಮೆ ತುಂಬಿ ವಾಲ್ವ್ ಬಿಗಿದರೆ ಮುಗಿಯಿತು. ಗಾಳಿ ಹಿಡಿದಿಡುವುದು ಒಳಗಿನ ಪ್ಲಾಸ್ಟಿಕ್ ಟ್ಯೂಬು, ಎಳೆತ ತಾಳುವುದು ಹೊರಗಿನ ನೇಯ್ದ ಪಾಲಿಯೆಸ್ಟರ್ ಕವಚ. ಹೊರಕವಚದ ನೇಯ್ಗೆ ಸಡಿಲಿದ್ದರೆ, ಹೊಲಿಗೆ ಒಂದೇ ಸಾಲಿನದಾಗಿದ್ದರೆ ಟ್ಯೂಬು ಎಷ್ಟೇ ಒಳ್ಳೆಯದಿರಲಿ, ಅದು ಹೊರಗೆ ಉಬ್ಬಿ ಒಡೆಯುತ್ತದೆ.

ಏಳು ಕೊಳ್ಳದ ಗಾಳಿ

ಹಂದರಕ್ಕೆ ನಿಜವಾದ ಭಾರ ತನ್ನ ತೂಕದ್ದಲ್ಲ, ಬೀಸುವ ಗಾಳಿಯದು. ಏಳು ಕೊಳ್ಳದ ಯಲ್ಲಮ್ಮ ಎಂದು ಹಾಡಿಕೊಳ್ಳುವ ಆ ಗುಡ್ಡಸಾಲಿನಲ್ಲಿ ಗಾಳಿ ಎಲ್ಲ ಕಡೆ ಒಂದೇ ರೀತಿ ಬೀಸುವುದಿಲ್ಲ. ಬಯಲಿನ ಮೇಲೆ ಹರಡಿ ಬಂದ ಗಾಳಿ ಗುಡ್ಡದ ನೆತ್ತಿ ದಾಟುವಾಗ ಇಕ್ಕಟ್ಟಿಗೆ ಸಿಕ್ಕು ಜೋರಾಗುತ್ತದೆ. ಕೊಳ್ಳದ ಬಾಯಲ್ಲಿಯೂ ಹಾಗೆಯೇ. ಸವದತ್ತಿಯ ಸುತ್ತಿನ ಎತ್ತರಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೂ ಈ ಜೋರನ್ನು ನಂಬಿಯೇ.

ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳುವಿಕೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಎದುರು ನಿಂತ ಒಂದು ಚದರ ಮೀಟರ್ ಬಟ್ಟೆಯನ್ನು ಸುಮಾರು 6 ಕೆಜಿ ಬಲದಿಂದ ತಳ್ಳುತ್ತದೆ, 72 ಕಿಲೋಮೀಟರಿನದು ಸುಮಾರು 24 ಕೆಜಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ತಾಡಪತ್ರಿ ಎಂದರೆ 11 ಚದರ ಮೀಟರು. ಬೇಸಿಗೆಯ ಅಡ್ಡಮಳೆಗೆ ಮುಂಚೆ ಏಕಾಏಕಿ ಏಳುವ ಬಿರುಗಾಳಿ ಅದನ್ನು 250 ಕೆಜಿಗೂ ಮೀರಿ ಎಳೆಯಬಲ್ಲದು. ಆ ಬಲ ಯಾವ ಗಳದ ಮೇಲೂ ನೇರ ಬೀಳಬಾರದು. ಹಗ್ಗಗಳ ಮೂಲಕ ನೆಲಕ್ಕೆ ಇಳಿಯಬೇಕು. ಲೋಹದ ಗಳದ ಹಂದರಕ್ಕಿಂತ ಗಾಳಿ ಹಂದರಕ್ಕೆ ಹಗ್ಗ ಹೆಚ್ಚು ಮುಖ್ಯ. ಗಾಳಿಗಳ ಮುರಿಯದೆ ಬಾಗುತ್ತದೆ, ಆದರೆ ಬಾಗಿದ ಹಂದರ ತಾನೇ ಹಾಯಿಯಾಗಿ ಇನ್ನಷ್ಟು ಗಾಳಿ ಹಿಡಿಯುತ್ತದೆ. ಹಗ್ಗ ಕಟ್ಟಲು ಕಮಾನಿನ ಎತ್ತರದಲ್ಲಿಯೇ ಬಳೆಗಳಿವೆಯೇ, ಪಕ್ಕಗಳಿಗೂ ಇವೆಯೇ ಎಂದು ನೋಡಿ ಕೊಳ್ಳಬೇಕು. ಬಿರುಗಾಳಿಯ ಸೂಚನೆ ಕಂಡರೆ ವಾಲ್ವ್ ತೆಗೆದು ಮಲಗಿಸಿಬಿಡುವುದೇ ಜಾಣತನ. ಗಾಳಿ ಹಂದರ ನಿಮಿಷಗಳಲ್ಲಿ ನೆಲಕ್ಕೆ ಇಳಿಯುತ್ತದೆ, ಅದೂ ಒಂದು ಲಾಭವೇ.

ಬೆಳಗಿನ ಸಪ್ಪೆ, ಮಧ್ಯಾಹ್ನದ ಉಬ್ಬು

ಮಧ್ಯಾಹ್ನ ಬಿಗಿಯಾಗಿ ತುಂಬಿದ ಕೊಳವೆ ಮರುದಿನ ಬೆಳಗ್ಗೆ ಮೆತ್ತಗಾಗಿದ್ದರೆ ಪಂಚರ್ ಆಗಿದೆ ಎಂದೇ ಅನಿಸುತ್ತದೆ. ಎಷ್ಟೋ ಸಲ ಪಂಚರ್ ಇರುವುದೇ ಇಲ್ಲ. ಗಾಳಿ ತಣ್ಣಗಾದರೆ ಕಣಗಳ ಓಟ ನಿಧಾನವಾಗಿ ಬಡಿತ ಕಡಿಮೆಯಾಗುತ್ತದೆ. 40 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ 7 ಪಿಎಸ್‌ಐ ತುಂಬಿದ್ದು 15 ಡಿಗ್ರಿಯ ಬೆಳಗಿನ ಹೊತ್ತಿಗೆ 5ಕ್ಕಿಂತ ತುಸು ಮೇಲೆ ಉಳಿಯುತ್ತದೆ, ಒಂದು ಗುಟುಕು ಗಾಳಿಯೂ ಸೋರದೆ.

ಅಪಾಯ ಇರುವುದು ಇದರ ತಿರುವಿನಲ್ಲಿ. ಬನದ ಹುಣ್ಣಿಮೆಯ ಚಳಿಯ ಬೆಳಗಿನಲ್ಲಿ 7 ತುಂಬಿ, ಬಿಸಿಲಿಗೆ ಕೊಳವೆ 55 ಡಿಗ್ರಿಗೆ ಕಾದರೆ ಒತ್ತಡ 10ರ ಹತ್ತಿರ ಹೋಗುತ್ತದೆ. ಒತ್ತಡ ಅಳೆಯುವ ಮಾಪಕದ ಮುಳ್ಳು ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನಷ್ಟೇ. ಬಿಸಿಗೆ ಹಿಗ್ಗುವುದು ಒಳಗಿರುವ ಒಟ್ಟು ಒತ್ತಡ, ಅಂದರೆ ವಾತಾವರಣದ 14ರಷ್ಟನ್ನೂ ಸೇರಿಸಿದ ಮೊತ್ತ. ಆದ್ದರಿಂದ ಸಣ್ಣ ಬಿಸಿಯೇರಿಕೆಯೂ ಮುಳ್ಳಿನ ಮೇಲೆ ದೊಡ್ಡದಾಗಿ ಕಾಣುತ್ತದೆ. ಒತ್ತಡ ಮಿತಿ ಮೀರಿದಾಗ ತಾನಾಗಿ ಗಾಳಿ ಬಿಡುವ ರಕ್ಷಣಾ ವಾಲ್ವ್ ನಮ್ಮ ಬಿಸಿಲಿಗೆ ಬೇಕೇ ಬೇಕು. ಅದಿಲ್ಲದ ಹಂದರ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ಬಣ್ಣ ತಿಳಿಯಾಗಿದ್ದರೆ ಬಿಸಿಲು ಹೀರುವುದು ಕಡಿಮೆ.

ಬೆಂಕಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಮೂರು ಕಲ್ಲಿನ ಒಲೆಯ ಕಿಡಿ ಹತ್ತಿಯ ಬಟ್ಟೆಯನ್ನು ಸುಟ್ಟರೆ, ಪಾಲಿಯೆಸ್ಟರನ್ನು ಕರಗಿಸುತ್ತದೆ. ಕರಗಿದಲ್ಲಿ ಎಳೆತ ನಿಲ್ಲುವುದಿಲ್ಲ. ಒಲೆ ಹಂದರದ ಹೊರಗೆ, ಕಿಡಿ ಹಂದರದಿಂದ ಆಚೆ ಹೋಗುವ ಬದಿಗೆ ಇರಬೇಕು. ಪಕ್ಕಗಳನ್ನೆಲ್ಲ ಮುಚ್ಚಿದ ಹಂದರದೊಳಗೆ ಕೆಂಡ ಇಟ್ಟು ಮಲಗುವುದಂತೂ ಪ್ರಾಣಕ್ಕೆ ಎರವು, ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ.

ಗೂಟ ಇಳಿಯುವ ನೆಲ, ಇಳಿಯದ ನೆಲ

ಹಗ್ಗ ಎಷ್ಟು ಗಟ್ಟಿಯಿದ್ದರೂ ಗೂಟ ಕಿತ್ತರೆ ಎಲ್ಲ ವ್ಯರ್ಥ. ಬೈಲಹೊಂಗಲದ ಎರಿ ಹೊಲದಲ್ಲಿ ಗೂಟ ಸಲೀಸಾಗಿ ಇಳಿಯುತ್ತದೆ, ಆದರೆ ಎರಿ ಮಣ್ಣು ನೀರು ಕುಡಿದಾಗ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಎರಡೂ ಹೊತ್ತಿನಲ್ಲಿ ಗೂಟದ ಹಿಡಿತ ಸಡಿಲ. ಅಲ್ಲಿಗೆ ಉದ್ದನೆಯ, ಅಗಲ ಮೈಯ ಗೂಟ ಬೇಕು.

ಸವದತ್ತಿ, ರಾಮದುರ್ಗದ ಗುಡ್ಡಗಳ ಕಥೆಯೇ ಬೇರೆ. ಮರಳು ಗಟ್ಟಿಯಾಗಿ ಹರಳುಗಟ್ಟಿದ ಅಲ್ಲಿನ ಕಲ್ಲು ಎಷ್ಟು ವಿಶಿಷ್ಟವೆಂದರೆ, ಕಲಾದಗಿ ಶಿಲಾಸಮೂಹದ ಒಂದು ಪದರಕ್ಕೆ ಭೂವಿಜ್ಞಾನಿಗಳು ರಾಮದುರ್ಗದ ಹೆಸರನ್ನೂ ಅದರೊಳಗಿನ ಕ್ವಾರ್ಟ್‌ಜೈಟ್ ಕಲ್ಲಿಗೆ ಸವದತ್ತಿಯ ಹೆಸರನ್ನೂ ಇಟ್ಟಿದ್ದಾರೆ. ಆ ಬಂಡೆಗೆ ಗೂಟ ಇಳಿಯುವುದಿಲ್ಲ. ಅಲ್ಲಿ ತೂಕವೇ ಆಧಾರ: ಹಗ್ಗವನ್ನು ಟ್ರೇಲರಿನ ಗಾಲಿಗೆ, ದೊಡ್ಡ ಕಲ್ಲಿಗೆ, ಮರಳು ತುಂಬಿದ ಚೀಲಕ್ಕೆ ಕಟ್ಟಬೇಕು. ಚೂಪು ಹರಳುಗಳ ನೆಲದ ಮೇಲೆ ಗಾಳಿ ಕೊಳವೆಯನ್ನು ಎಳೆದಾಡಬಾರದು, ಕೆಳಗೆ ದಪ್ಪ ಗೋಣಿತಟ್ಟು ಹಾಸಬೇಕು.

ಪಶ್ಚಿಮಕ್ಕೆ ಸರಿದು ಕಿತ್ತೂರಿಗೆ ಬಂದರೆ ಮಳೆ ಹೆಚ್ಚು. ಚಪ್ಪಟೆ ಮಾಡಿನ ಹಂದರದಲ್ಲಿ ನೀರು ಗುಂಡಿಗಟ್ಟುತ್ತದೆ. ಒಂದು ಚದರ ಮೀಟರಿನಲ್ಲಿ ಬರೀ 5 ಸೆಂಟಿಮೀಟರ್ ನೀರು ನಿಂತರೆ 50 ಕೆಜಿ. ಯಾವ ಗಾಳಿ ಕಮಾನೂ ಅದನ್ನು ಬಹಳ ಹೊತ್ತು ತಾಳದು. ಕಿತ್ತೂರಿಗೆ ಇಳಿಜಾರು ಹೆಚ್ಚಿರುವ ಮಾಡು, ನಡುವೆ ಇನ್ನೊಂದು ಕಮಾನು ಇರುವ ಹಂದರ ಸರಿ.

ಆರಿಸುವ ಹೊತ್ತು

ಇಷ್ಟನ್ನೂ ಕೂಡಿಸಿದರೆ ಆಯ್ಕೆ ಕಷ್ಟವಲ್ಲ. ಮೊದಲು ಕೊಳವೆಯ ದಪ್ಪ, ಆಮೇಲೆ ಹೊರಕವಚದ ನೇಯ್ಗೆ ಮತ್ತು ಹೊಲಿಗೆ, ಆಮೇಲೆ ರಕ್ಷಣಾ ವಾಲ್ವ್, ಆಮೇಲೆ ಹಗ್ಗದ ಬಳೆಗಳು, ಕೊನೆಗೆ ಪಿಎಸ್‌ಐ. ಎಲ್ಲ ಕೊಳವೆಗಳನ್ನೂ ಒಂದೇ ವಾಲ್ವಿನಿಂದ ತುಂಬಬಹುದಾದರೆ ಸುಲಭ, ಆದರೆ ತುಂಬಿದ ಮೇಲೆ ಒಂದೊಂದನ್ನೂ ಬೇರೆ ಬೇರೆ ಮುಚ್ಚುವ ಚಿಮಟ ಇರಲೇಬೇಕು. ಇಲ್ಲವಾದರೆ ಒಂದು ಮುಳ್ಳು ಚುಚ್ಚಿದರೆ ಇಡೀ ಹಂದರ ನೆಲ ಹಿಡಿಯುತ್ತದೆ. ಒಳಟ್ಯೂಬನ್ನು ಜಿಪ್ ತೆಗೆದು ಬದಲಿಸುವಂತಿದ್ದರೆ ಹಂದರ ವರ್ಷಗಟ್ಟಲೆ ಬಾಳುತ್ತದೆ.

ಹಾಗೆಂದು ಎಲ್ಲರೂ ಗಾಳಿ ಹಂದರ ಕೊಳ್ಳಬೇಕಿಲ್ಲ. ವರ್ಷಕ್ಕೊಮ್ಮೆ ಗುಡ್ಡಕ್ಕೆ, ಇನ್ನೊಮ್ಮೆ ಗೊಡಚಿಯ ಜಾತ್ರೆಗೆ ಹೋಗುವ ಕುಟುಂಬಕ್ಕೆ ಎರಡು ಬಿದಿರು, ಒಂದು ಒಳ್ಳೆಯ ತಾಡಪತ್ರಿ, ನಾಲ್ಕು ಹಗ್ಗ ಸಾಕು. ಮುರಿದರೆ ಎಲ್ಲಿಯೂ ಸಿಗುವ ಸಾಮಾನು ಅದು. ವಾಹನವನ್ನೇ ಮನೆ ಮಾಡಿಕೊಂಡು ಆಗಾಗ ತಿರುಗುವವರಿಗೆ, ಭಾರದ ಗಳ ಎತ್ತಲಾಗದ ಹಿರಿಯ ದಂಪತಿಗೆ, ಕೆಲವೇ ನಿಮಿಷದಲ್ಲಿ ನೆರಳು ಬೇಕಾದ ಆರೋಗ್ಯ ಶಿಬಿರದವರಿಗೆ ಗಾಳಿ ಹಂದರ ನಿಜವಾಗಿಯೂ ಉಪಕಾರಿ.

ಎರಡು ಹಂದರಗಳ ಒಳಗಿನ ಸೂತ್ರ ಮಾತ್ರ ಒಂದೇ. ತಾಡಪತ್ರಿಯ ಹಗ್ಗವನ್ನು ಜಗ್ಗಿ ಬಿಗಿಯುವ ರೈತ ಬಟ್ಟೆಗೆ ಹೊರಗಿನಿಂದ ಮುನ್‌ಬಿಗಿತ ಕೊಡುತ್ತಾನೆ, ಪಂಪು ಅದನ್ನು ಒಳಗಿನಿಂದ ಕೊಡುತ್ತದೆ. ಸಡಿಲ ತಾಡಪತ್ರಿ ಪಟಪಟ ಬಡಿದು ಹರಿಯುತ್ತದೆಂದು ಗುಡ್ಡಕ್ಕೆ ಹೋದ ಪ್ರತಿಯೊಬ್ಬರಿಗೂ ಗೊತ್ತು. ಗಾಳಿ ಹಂದರವನ್ನು ಆರಿಸಲು ಬೇಕಾದ ವಿಜ್ಞಾನ ಆ ತಿಳಿವಳಿಕೆಯ ಮುಂದುವರಿಕೆಯೇ: ಬಟ್ಟೆಯನ್ನು ಬಿಗಿಯಾಗಿಡಿ, ಬಿಗಿತ ಎಲ್ಲಿ ಕರಗುತ್ತದೆ ಎಂಬುದರ ಮೇಲೆ ಕಣ್ಣಿಡಿ, ಬಂದ ಬಲವನ್ನು ಹಗ್ಗದ ದಾರಿಯಲ್ಲಿ ನೆಲಕ್ಕೆ ಇಳಿಸಿ.